ಎಮ್ಮೆಗೆ ಹೇಳಿದ ಮಾತು

ಜುಲೈ 7, ಸೋಮವಾರ

ಶಾಲೆಯ ಮೇಡಂ ಹೇಳಿದರು ಎಂದು ಈ ನೋಟ್‌ಬುಕ್ ತಂದಿದ್ದೇನೆ. ಮೈತ್ರಿ ದಿನಕ್ಕೆ ಎಷ್ಟು ಹೊಸ ಮಾತು ಆಡುತ್ತಾಳೆ ಎಂದು ಬರೆಯುತ್ತ ಹೋಗಬೇಕಂತೆ. "ನಂಗೆ ತಂದು ತೋರಿಸ್ಬೇಕಂತಿಲ್ಲ, ನಿಮಗೇ ತಿಳೀಲಿ ಅಂತ" ಎಂದರು. ಹನ್ನೊಂದು ವರ್ಷದಿಂದ ಸೊರಬ ಶಿಕಾರಿಪುರದ ನಡುವೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದೇನೆ. ಊರುಗಳ ಹೆಸರು ಕೂಗಿ ಅಭ್ಯಾಸವಿದೆ, ಬರೆದು ಅಭ್ಯಾಸವಿಲ್ಲ. ಮಗಳಿಗಾಗಿ ಬರೆಯೋಣ.

ಮೈತ್ರಿಗೆ ಮೂರೂವರೆ ವರ್ಷ. ಅವಳ ಓರಗೆಯ ಮಕ್ಕಳು ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಮಾತಾಡಿಸುತ್ತವೆ. ಇವಳ ಬಾಯಲ್ಲಿ ಇಪ್ಪತ್ತು ಇಪ್ಪತ್ತೈದು ಪದ, ಅದರಲ್ಲೂ ಅರ್ಧ ಲಂಬಾಣಿ. ಇವತ್ತು ಶಿಕಾರಿಪುರದ ಶಾಲೆಗೆ ಸೇರಿಸಲು ಹೋದೆವು. ಮೇಡಂ ಚಿತ್ರ ತೋರಿಸಿದರು. ಕೋಳಿಗೆ 'ಕೂಕಡಿ' ಎಂದಳು. ಹಸುವಿಗೆ 'ಗಾವಡಿ' ಎಂದಳು. ಮರ ತೋರಿಸಿದಾಗ ನನ್ನ ಮುಖ ನೋಡಿದಳು, ನನ್ನ ಹೆಂಡತಿ ಸುಷ್ಮಿತಾಳ ಮುಖ ನೋಡಿದಳು, ಸುಮ್ಮನಾದಳು.

"ಮನೇಲಿ ಯಾವ ಭಾಷೆ?"

"ನಂದು ಕನ್ನಡ ಮೇಡಂ. ಇವಳ ಮನೆಯೋರದ್ದು ಲಂಬಾಣಿ."

"ಅದಕ್ಕೇ ನೋಡಿ. ಮಗು ತಲೇಲಿ ಎರಡೂ ಕಲಸಿಹೋಗಿದೆ. ಮನೇಲಿ ಒಂದೇ ಮಾತಾಡಿ, ಕನ್ನಡ ಮಾತಾಡಿ. ಲಂಬಾಣಿ ಆಮೇಲೆ ಬೇಕಾದ್ರೆ ಕಲೀತಾಳೆ. ಅದಕ್ಕೇನು ಪರೀಕ್ಷೆ ಇದ್ಯಾ?"

ಸೆಪ್ಟೆಂಬರ್ ಇಪ್ಪತ್ತಕ್ಕೆ ಮತ್ತೆ ಕರೆತರಬೇಕು. ಆಗ ಮಾತು ಬಂದಿದ್ದರೆ ದಸರಾ, ದೀಪಾವಳಿ ಕಳೆದ ಮೇಲೆ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಇಲ್ಲ. ಮೇಡಂ ಕೆಟ್ಟವರಲ್ಲ. ಹೊರಡುವಾಗ ಮೈತ್ರಿಯ ಕೈಗೆ ಬಿಸ್ಕತ್ತು ಕೊಟ್ಟು ಕೆನ್ನೆ ಸವರಿದರು.

ನನಗೂ ಅವರ ಮಾತು ಸರಿ ಎನಿಸಿತು. ನಾನು ಸೊರಬ ಸೀಮೆಯ ಕುಪ್ಪಗಡ್ಡೆಯವನು. ಸುಷ್ಮಿತಾ ಒಬ್ಬಳೇ ಮಗಳು, ಮಾವ ಇಲ್ಲ, ಇಲ್ಲಿಯ ಹಾಲಿನ ಡೈರಿ ಅವಳ ಕೈಯಲ್ಲಿದೆ. ಹಾಗಾಗಿ ನಾನೇ ಮನೆ ಅಳಿಯನಾಗಿ ಈ ತಾಂಡಾಕ್ಕೆ ಬಂದೆ. ಐದು ವರ್ಷವಾಯಿತು. ಬಂದ ವಾರವೇ ತಾಂಡಾದ ಹಿರಿಯರಾದ ಧರ್ಮಾ ನಾಯ್ಕರನ್ನು ಕೇಳಿದ್ದೆ, ನಾನು ನಿಮ್ಮ ಮಾತು ಕಲೀಬೇಕೇನ್ರೀ ಎಂದು.

"ಯಾಕ್ರೀ ಬೇಕು?" ಎಂದಿದ್ದರು. "ಬ್ಯಾಂಕಿಗೆ ಕನ್ನಡ, ಪಂಚಾಯ್ತಿಗೆ ಕನ್ನಡ, ನಿಮ್ಮ ಬಸ್ಸಿಗೂ ಕನ್ನಡ. ನಮ್ ಮೊಮ್ಮಕ್ಕಳೇ ನಮಗೆ ಕನ್ನಡದಾಗ ಉತ್ರ ಕೊಡ್ತಾವ. ಬಂದೋರು ನೀವು ಕಲ್ತು ಯಾರ ಹತ್ರ ಆಡ್ತೀರಿ?"

ಅಲ್ಲಿಗೆ ನಾನು ಆ ಯೋಚನೆ ಬಿಟ್ಟೆ. ಇವತ್ತಿನ ಹೊಸ ಮಾತು: ಬಿಸ್ಕತ್ತು.

ಜುಲೈ 8

ಅತ್ತೆಗೆ ಹೇಳಿದ್ದಾಯಿತು. ಅತ್ತೆಯ ಹೆಸರು ಸೋಮ್ಲಿಬಾಯಿ. ಅವರು ಹಳೆಯ ಪದ್ಧತಿಯವರು, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ನಾನು ಒಳಗೆ ಬಂದರೆ ಮುಸುಕು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಐದು ವರ್ಷದಲ್ಲಿ ಅವರ ಮೂಗಿನ ತುದಿಗಿಂತ ಮೇಲೆ ನಾನು ಸರಿಯಾಗಿ ನೋಡಿಲ್ಲ. ಆದ್ದರಿಂದ ಸುಷ್ಮಿತಾಳ ಕೈಲಿ ಹೇಳಿಸಿದೆ: ಮೈತ್ರಿಯ ಜೊತೆ, ಮೈತ್ರಿಯ ಕಿವಿಗೆ ಬೀಳುವ ಹಾಗೆ, ಯಾರೂ ಲಂಬಾಣಿ ಆಡಬಾರದು.

ಅತ್ತೆ ಹೊಲಿಯುತ್ತಿದ್ದ ಕೌದಿಯನ್ನು ಕೆಳಗಿಟ್ಟು ಮಗಳಿಗೆ ಏನೋ ಕೇಳಿದರು.

"ಎಷ್ಟು ದಿನ ಅಂತ ಕೇಳ್ತಾಳೆ" ಎಂದಳು ಸುಷ್ಮಿತಾ.

"ದಸರಾತನಕ."

ಅತ್ತೆ ತಲೆಯಾಡಿಸಿದರು. ಗಲಾಟೆ ಆಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ದೊಡ್ಡ ಮನಸ್ಸು.

ಜುಲೈ 10

ಒಂದು ತೊಂದರೆ ಎದುರಾಗಿದೆ. ಅತ್ತೆ ನನಗೆ ಹೇಳಬೇಕಾದದ್ದನ್ನೆಲ್ಲ ಇಷ್ಟು ದಿನ ಮೈತ್ರಿಗೆ ಹೇಳುವ ಹಾಗೆ ಹೇಳುತ್ತಿದ್ದರು. "ಛೋರಿ, ನಿನ್ನಪ್ಪನಿಗೆ ಬಾಟಿ ಆಗಿದೆ ಅನ್ನು." ಛೋರಿ ಎಂದರೆ ಹುಡುಗಿ, ಬಾಟಿ ಎಂದರೆ ರೊಟ್ಟಿ, ಊಟ. ನನಗೆ ಗೊತ್ತಿದ್ದದ್ದೇ ಇಂಥ ಐದಾರು ಪದ. ಮೈತ್ರಿ ನನ್ನ ಕೈ ಹಿಡಿದು ಎಳೆಯುತ್ತಿದ್ದಳು, ನಾನು ಹೋಗಿ ಕೂರುತ್ತಿದ್ದೆ. ಮಗು ನಮ್ಮಿಬ್ಬರ ಅಂಚೆಯವಳು.

ಈಗ ಅಂಚೆ ನಿಂತಿದೆ. ಸಂಜೆ ಸುಷ್ಮಿತಾ ಡೈರಿಗೆ ಹೋಗಿದ್ದಳು. ನಾನು ಹೊರಗೆ ಕೂತೇ ಇದ್ದೆ, ಅತ್ತೆ ಒಳಗೆ ಕೂತೇ ಇದ್ದರು. ಅರ್ಧ ತಾಸಾದ ಮೇಲೆ ಒಳಗಿಂದ ತಾಟನ್ನು ನೆಲಕ್ಕೆ ಎರಡು ಸಲ ಕುಟ್ಟಿದ ಸದ್ದು ಬಂತು. ಎದ್ದು ಹೋದೆ. ರೊಟ್ಟಿ ಆರಿತ್ತು.

ಹೊಸ ಮಾತು: ಮರ, ಚಂದಮಾಮ.

ಜುಲೈ 14

ಅವ್ವನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಕುಪ್ಪಗಡ್ಡೆಯ ಗುತ್ಯಮ್ಮ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಒಂದು ಕಥೆ ಶುರು ಮಾಡಿದರೆ ನೆಟ್ಟಿ ಗದ್ದೆಯಲ್ಲಿ ಒಂದು ಸಾಲು ಮುಗಿಯುವತನಕ ಎಳೆಯುತ್ತಾಳೆ.

"ಒಳ್ಳೇದಾತು ಬಿಡು ಮಗಾ" ಎಂದಳು. "ಮಗಿ ನಮ್ಮ ಮಾತು ಆಡ್ಲಿ. ನಾನೂ ಎಷ್ಟು ದಿನ ಅಂತ ಆ ಕಟಪಟ ಕೇಳದು? ಎಲ್ಲಿ, ಬೀಗ್ತೀಗೆ ಫೋನು ಕೊಡು."

ಸೋಮವಾರ ಸೋಮವಾರ ಇಬ್ಬರೂ ಬೀಗತಿಯರು ಫೋನಿನಲ್ಲಿ ಮಾತಾಡುವುದು ವಾಡಿಕೆ. ಅವ್ವ ಸೊರಬದ ಕನ್ನಡ, ಅತ್ತೆ ಲಂಬಾಣಿ. ಯಾರಿಗೂ ಯಾರದ್ದೂ ತಿಳಿಯುವುದಿಲ್ಲ, ಒಂದು ತಾಸು ಮಾತಾಡುತ್ತಾರೆ. ಇವತ್ತು ಮೈತ್ರಿ ಪಕ್ಕದಲ್ಲೇ ಆಡುತ್ತಿದ್ದಳು. ಅತ್ತೆ ಫೋನು ತೆಗೆದುಕೊಳ್ಳಲಿಲ್ಲ, ಕೈ ಆಡಿಸಿ ಹಿತ್ತಿಲಿಗೆ ಹೋದರು.

ಜುಲೈ 20, ಭಾನುವಾರ

ದಿನಾ ಸಂಜೆ ಮೈತ್ರಿಗೆ ಒಂದು ಕಥೆ ಹೇಳುವುದೆಂದು ನಿಯಮ ಮಾಡಿಕೊಂಡಿದ್ದೇನೆ. ಅವ್ವನಿಂದ ಕೇಳಿದ ಕಥೆಗಳೇ ಬೇಕಾದಷ್ಟಿವೆ. ಆದರೆ ಕಥೆ ಹೇಳುವವನಿಗೆ 'ಹೂಂ' ಎನ್ನುವವರು ಬೇಕು. ಹೂಂಗುಟ್ಟದಿದ್ದರೆ ಕಥೆ ದಾರಿಯಲ್ಲೇ ಕೂತುಬಿಡುತ್ತದೆ ಎನ್ನುತ್ತಾಳೆ ಅವ್ವ. ಮೈತ್ರಿ ಹೂಂಗುಟ್ಟುವುದಿಲ್ಲ, ಕಣ್ಣು ಬಿಟ್ಟುಕೊಂಡು ನೋಡುತ್ತಾಳೆ.

ಇವತ್ತು ಒಬ್ಬ ಕುರುಬ ತನ್ನ ಕುರಿಗಳಿಗೆ ಹೆಸರಿಟ್ಟು ಮರೆತ ಕಥೆ ಹೇಳುತ್ತಿದ್ದೆ. ಮೊದಲ ಕುರಿ ಹೊಳೆ ದಾಟಿತು ಎಂದೆ. ಗೋಡೆಯ ಆಚೆಯಿಂದ ಸಣ್ಣಗೆ 'ಹೂಂ' ಎಂದು ಬಂತು. ಎರಡನೇ ಕುರಿ ದಾಟಿತು ಎಂದೆ. 'ಹೂಂ.' ಅತ್ತೆ. ಹೂಂ ಎನ್ನುವುದು ಕನ್ನಡವೂ ಹೌದು, ಲಂಬಾಣಿಯೂ ಹೌದು, ಆದ್ದರಿಂದ ನಿಯಮ ಮುರಿದ ಹಾಗಾಗಲಿಲ್ಲ. ಹನ್ನೆರಡು ಕುರಿಯನ್ನೂ ದಾಟಿಸಿದೆ. ಅವರಿಗೆ ಕಥೆ ಎಷ್ಟು ತಿಳಿಯಿತೋ ಗೊತ್ತಿಲ್ಲ.

ಹೊಸ ಮಾತು: ಕುರಿ, ಹೊಳೆ, 'ಇನ್ನೊಂದು'.

ಆಗಸ್ಟ್ 3

ಮೈತ್ರಿ ಈಗ ಎರಡು ಪದ ಸೇರಿಸಿ ಹೇಳುತ್ತಾಳೆ. 'ಅಪ್ಪ ಬಸ್ಸು', 'ಹಾಲು ಬೇಡ'. ನಲವತ್ತಾರು ಪದ ಆಯಿತು. ಡ್ರೈವರ್ ಹುಚ್ಚರಾಯಪ್ಪನಿಗೆ ಹೇಳಿದಾಗ, "ಹಂಗಾರ ಮುಂದಿನ ವರ್ಷ ನಿನ್ನ ಬದ್ಲಿ ಅವಳನ್ನೇ ಕಂಡಕ್ಟರ್ ಮಾಡಣ ಬಿಡು, ನಿನ್ ಗಂಟ್ಲು ಕೇಳಿ ಕೇಳಿ ಸಾಕಾಗೇತಿ" ಎಂದ.

ಅತ್ತೆ ಇವತ್ತು ಆಡಿದ ಮಾತು: ಬೆಳಿಗ್ಗೆ ಎಮ್ಮೆ ಭೂರಿಗೆ ಎರಡು ಬೈಗುಳ. ಸಂಜೆ 'ಹೂಂ' ಒಂಬತ್ತು.

ಇದನ್ನು ಯಾಕೆ ಬರೆದೆನೋ.

ಆಗಸ್ಟ್ 11

ಅತ್ತೆ: ಏನೂ ಇಲ್ಲ.

ಆಗಸ್ಟ್ 24, ಭಾನುವಾರ

ಅವ್ವ ನನ್ನ ಬಸ್ಸಿನಲ್ಲೇ ಬಂದಳು, ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದುಕೊಂಡು. ಮೈತ್ರಿ "ಅಜ್ಜಿ ಬಂದ್ಲು" ಎಂದು ಕೂಗಿದಳು. ಅವ್ವ ಹಿಗ್ಗಿಹೋದಳು. ಮೊಮ್ಮಗಳನ್ನು ಎತ್ತಿಕೊಂಡೇ ಒಳಗೆ ಹೋಗಿ ಒಲೆಯ ಹತ್ತಿರ ಅತ್ತೆಯ ಪಕ್ಕ ಕೂತಳು.

"ಹೆಂಗಿದೀಯೇ ಬೀಗ್ತೀ?"

"ಚೆನ್ನಾಗಿದೀನಿ" ಎಂದರು ಅತ್ತೆ.

ಅವ್ವ ಬೆಚ್ಚಿಬಿದ್ದಳು. "ಇದೆಂತದೇ! ನೀನು ಯಾವಾಗ ಕನ್ನಡದೋಳಾದೆ?"

"ಊಟ ಮಾಡು" ಎಂದರು ಅತ್ತೆ. "ನೀರು ಕುಡಿ."

ಸಂತೆಯಲ್ಲಿ ಸೌತೆಕಾಯಿ ಮಾರಲು ಕಲಿತ ಕನ್ನಡ ಅವರದ್ದು. ಅದರಲ್ಲಿ ಬೇಕು, ಬೇಡ, ಎಷ್ಟು, ಕೊಡು ಇಷ್ಟಿದೆ. ಅವ್ವ ಇಡೀ ಮಧ್ಯಾಹ್ನ ತಾನೇ ಮಾತಾಡಿದಳು. ಅತ್ತೆ ನಗುತ್ತ ಕೂತಿದ್ದರು. ಮೂರು ಗಂಟೆಗೆ ಅವ್ವ ಹೊರಟುನಿಂತಳು, ಎರಡು ದಿನ ಇರಲೆಂದು ಬಂದವಳು.

ದಾರಿಯಲ್ಲಿ ನನ್ನ ಮೇಲೆ ರೇಗಿದಳು. "ಹೌದು, ಒಳ್ಳೇದಾತು ಅಂತ ಅಂದಿದ್ದು ನಾನೇಯ. ನಂಗೆ ಬುದ್ಧಿ ಇರ್ಲಿಲ್ಲ. ಆ ಹೆಂಗ್ಸು ಮುಂಚೆ ಆಡ್ತಿದ್ದ ಮಾತು ನಂಗೆ ಒಂದೂ ತಿಳೀತಿರ್ಲಿಲ್ಲ ಮಾರಾಯ. ಆದ್ರೂ ಅವ್ಳ ಗಂಡ ಎಂತಾ ಕಾಯ್ಲೆ ಬಂದು ಸತ್ತ, ಅವ್ಳ ತವರು ಯಾವ ಕೆರೆ ದಂಡೇಲಿತ್ತು, ಎಲ್ಲಾ ನಂಗೆ ಗೊತ್ತದೆ. ಇವತ್ತು ಅವ್ಳು ಆಡಿದ್ದೆಲ್ಲಾ ತಿಳೀತು. ಎಂತದೂ ಹೇಳ್ಲಿಲ್ಲ."

"ದಸರಾತನಕ ಅಷ್ಟೇ ಅಲ್ಲನಾ ಅವ್ವಾ."

"ನಿನ್ನ ದಸರಾ ನೀನೇ ಇಟ್ಕಾ."

ಸೀಟಿನಲ್ಲಿ ಕೂತು ಸೊರಬದತನಕ ನನ್ನ ಕಡೆ ತಿರುಗಲಿಲ್ಲ. ಟಿಕೆಟ್ ಕೊಡಲು ಹೋದರೆ ಬೇರೆಯವರಂತೆ ಕೈ ಚಾಚಿದಳು. ವಯಸ್ಸಾಯಿತು, ಸಣ್ಣದಕ್ಕೂ ಸಿಟ್ಟು ಬರುತ್ತದೆ.

ಸೆಪ್ಟೆಂಬರ್ 9

ಬಸ್ಸು ಕೆಟ್ಟು ಬೇಗ ಮನೆಗೆ ಬಂದೆ. ಕೊಟ್ಟಿಗೆಯಲ್ಲಿ ಯಾರೋ ಮಾತಾಡುವ ಸದ್ದು. ಇಣುಕಿದೆ. ಅತ್ತೆ ಭೂರಿಯ ಕುತ್ತಿಗೆ ಉಜ್ಜುತ್ತ ಮಾತಾಡುತ್ತಿದ್ದರು. ಬೈಯುತ್ತಿರಲಿಲ್ಲ. ಒಂದೇ ಸಮ, ನಿಧಾನವಾಗಿ, ನಡುನಡುವೆ ನಿಲ್ಲಿಸಿ, ಉತ್ತರಕ್ಕೆ ಕಾಯುವಂತೆ. ಎಮ್ಮೆ ಮೆಲುಕು ಹಾಕುತ್ತಿತ್ತು. ಕಾಲು ತಾಸು ನಿಂತಿದ್ದೆ. ನನಗೆ ತಿಳಿದದ್ದು 'ಛೋರಿ' ಒಂದೇ, ಅದು ನಾಲ್ಕೈದು ಸಲ ಬಂತು. ಕೆಮ್ಮಿದೆ. ಮಾತು ನಿಂತಿತು, ಮುಸುಕು ಬಂತು.

ಹೊಸ ಮಾತು ಬರೆಯಲಿಲ್ಲ. ಮೈತ್ರಿ ಮಲಗಿದ್ದಳು.

ಸೆಪ್ಟೆಂಬರ್ 20, ಶನಿವಾರ

ಪಾಸು!

ಮೇಡಂ ತೋರಿಸಿದ ಚಿತ್ರಕ್ಕೆಲ್ಲ ಟಕಟಕ ಹೇಳಿದಳು. ಕೋಳಿ, ಹಸು, ಮರ, ಕೊಡೆ, ರೈಲು. ನಿನ್ನ ಹೆಸರೇನು ಎಂದರೆ "ಮೈತ್ರಿ ರಾಜಕುಮಾರ್" ಎಂದಳು. ನನ್ನ ಹೆಸರನ್ನೂ ಸೇರಿಸಲು ಯಾರು ಹೇಳಿಕೊಟ್ಟರೋ! "ನೋಡಿದ್ರಾ?" ಎಂದರು ಮೇಡಂ. "ಹೇಳಿದ ಹಾಗೆ ಮಾಡೋ ಪೇರೆಂಟ್ಸ್ ಸಿಗೋದೇ ಅಪರೂಪ." ಸುಷ್ಮಿತಾ ಕಣ್ಣೊರೆಸಿಕೊಂಡಳು. ದೀಪಾವಳಿ ಮುಗಿದ ಮೇಲೆ ಶಾಲೆ.

ಒಂದು ಕಿಲೋ ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಬಂದೆವು. ನಾನೇ ಬಾಗಿಲಲ್ಲಿ ನಿಂತು ಜೋರಾಗಿ ಹೇಳಿದೆ: "ಸುಷ್ಮಿತಾ, ಅತ್ತೆಗೆ ಹೇಳು. ಇವತ್ತಿಂದ ಯಾವ ಕಟ್ಟೂ ಇಲ್ಲ. ಮಗು ಜೊತೆ ಎಷ್ಟು ಬೇಕಾದ್ರೂ ಲಂಬಾಣಿ ಮಾತಾಡ್ಲಿ."

ಸುಷ್ಮಿತಾ ಹೇಳಿದಳು. ಅತ್ತೆ ಗೋಡೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಬ್ಯಾಡ. ಮಗು ಈಗ ಚಲೋ ಮಾತಾಡ್ತದೆ. ನನ್ ಮಾತು ತಾಗಿದ್ರೆ ಮತ್ತೆ ಕೆಡ್ತದೆ."

ಹೊಸ ಸೊಸೆಯ ಸಂಕೋಚದಂತೆ ಎರಡು ದಿನ ಇರುತ್ತದೆ, ಹೋಗುತ್ತದೆ.

ಸೆಪ್ಟೆಂಬರ್ 26

ಹೋಗಲಿಲ್ಲ.

ಮೈತ್ರಿ ಬಿದ್ದು ಮೊಣಕಾಲು ತರಚಿಕೊಂಡು ಅಳುತ್ತ ನಾನಿಯ, ಎಂದರೆ ಅಜ್ಜಿಯ, ಹತ್ತಿರ ಓಡಿದಳು. ಅತ್ತೆ ಎತ್ತಿಕೊಂಡರು, ಬಾಯಿ ತೆರೆದರು, ಏನೂ ಬರಲಿಲ್ಲ. "ಅಳಬ್ಯಾಡ, ಅಳಬ್ಯಾಡ" ಎಂದರು. ಸೌತೆಕಾಯಿ ಚೌಕಾಶಿ ಮಾಡುವವರಿಗೆ ಹೇಳುವ ದನಿಯಲ್ಲಿ. ಮಗು ಅಲ್ಲಿಂದ ಇಳಿದು ನನ್ನ ಹತ್ತಿರ ಬಂತು.

ಸೆಪ್ಟೆಂಬರ್ 28, ಭಾನುವಾರ

ಡೈರಿಯ ಕ್ಯಾನುಗಳನ್ನು ತೊಳೆಯುವಾಗ ಸುಷ್ಮಿತಾ ಹೇಳಿದಳು:

"ರೀ, ನಮ್ಮವ್ವ ನನ್ನ ಜೊತೆನೂ ಕನ್ನಡದಾಗೇ ಮಾತಾಡಾಕ್ ಹತ್ಯಾಳ."

"ಯಾವಾಗಿಂದ?"

"ಒಂದು ತಿಂಗ್ಳಾತು. ಒಬ್ಬಳೇ ಇದ್ದಾಗೂ. ಮಗು ಎಲ್ಲೋ ನಿಂತು ಕೇಳಿಸ್ಕೊಂಡೀತು ಅಂತಾಳ. 'ಬಾ. ಉಣ್ಣು. ಹೋಗಿ ಬಾ.' ಅಷ್ಟ. ನಂಗೆ ಜ್ವರ ಬಂದಿತ್ತಲ್ರೀ ಮೊನ್ನೆ? ತಲೆ ಮೇಲೆ ಕೈ ಇಟ್ಟು 'ಜ್ವರ ಇದೆ' ಅಂದ್ಲು. ಆಸ್ಪತ್ರೆ ಸಿಸ್ಟರ್ ಅಂದಂಗೆ. ಸಣ್ಣೋಳಿದ್ದಾಗ ಏನೇನು ಅಂತಿದ್ಲು..." ಕ್ಯಾನಿನೊಳಗೆ ಕೈ ಹಾಕಿ ಬಹಳ ಹೊತ್ತು ಉಜ್ಜಿದಳು. "ನಮ್ ಅವ್ವನ್ನ ಯಾರೋ ಒಯ್ದು, ಬ್ಯಾರೆಯೋರ ಅವ್ವನ್ನ ಬಿಟ್ಟು ಹೋದಂಗಾಗೇತ್ರೀ."

ನಾನು ಕ್ಯಾನು ಹೊತ್ತು ಹೋಗಿ ಬಿಸಿಲಿಗೆ ಕವುಚಿಟ್ಟೆ. ನಾನು ನಿಲ್ಲಿಸು ಎಂದದ್ದಕ್ಕೆ ನಿಲ್ಲಿಸಿದ ಹೆಂಗಸು, ಶುರು ಮಾಡು ಎಂದರೆ ಯಾಕೆ ಶುರು ಮಾಡುವುದಿಲ್ಲ?

ಸೆಪ್ಟೆಂಬರ್ 30

ಧರ್ಮಾ ನಾಯ್ಕರ ಹತ್ತಿರ ಹೋಗಿ ನೀವೊಂದು ಮಾತು ಹೇಳಿ ಎಂದೆ. ಅವರು ಬೀಡಿ ಆರಿಸಿದರು.

"ನಾನು ಏನ್ ಹೇಳ್ಲಿ? ನಮ್ ಮನ್ಯಾಗ ಯಾರೂ ಕಟ್ಟು ಹಾಕಿಲ್ಲ. ಆದ್ರೂ ಮೊಮ್ಮಕ್ಕಳು ಒಂದಕ್ಷರ ಆಡಂಗಿಲ್ಲ. ನಿಮ್ಮನೇದು ಮೂರು ತಿಂಗ್ಳದಾಗ ಆತು, ನಮ್ಮನೇದು ಮೂವತ್ತು ವರ್ಷದಾಗ ಆತು. ನೀವು ಬಸ್ಸಿನಾಗ ಹೋದ್ರಿ, ನಾವು ನಡಕೊಂಡು ಹೋದ್ವಿ. ಊರು ಒಂದ."

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 2, ಗುರುವಾರ

ವಿಜಯದಶಮಿ. ಬನ್ನಿ ಕೊಟ್ಟು ಅತ್ತೆಗೆ ನಮಸ್ಕಾರ ಮಾಡಿದೆ. ಅವರು ಮುಸುಕಿನೊಳಗಿಂದಲೇ ಕೈ ಎತ್ತಿದರು. ಏಳಲಿಲ್ಲ ನಾನು. ಅಲ್ಲೇ ಕೂತು ಸುಷ್ಮಿತಾಳಿಗೆ ಹೇಳಿದೆ:

"ಅತ್ತೆಗೆ ಹೇಳು. ಮಗೂಗೆ ಕಲಿಸೋದು ಬ್ಯಾಡ. ನಂಗೆ ಕಲಿಸ್ಲಿ. ಮಗು ಕೆಡ್ತದೆ ಅಂತ ತಾನೆ ಭಯ? ನಾನು ಹನ್ನೊಂದು ವರ್ಷದ ಕಂಡಕ್ಟರು, ಕೆಡೋದು ಏನೂ ಉಳಿದಿಲ್ಲ ಅನ್ನು."

ಸುಷ್ಮಿತಾ ಹೇಳುವ ಮೊದಲೇ ಮುಸುಕು ಅಲುಗಿತು. ಅತ್ತೆ ನಕ್ಕಿದ್ದರು. ಆದರೆ ಅಳಿಯನಿಗೆ ನೇರವಾಗಿ ಮಾತು ಕಲಿಸುವುದು ಹೇಗೆ? ಎದ್ದು ಕೊಟ್ಟಿಗೆಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದ ಜೋರಾಗಿ ಕೇಳಿತು: "ಭೂರೀ! ಪಾಣಿ ಪೀ! ಪಾಣಿ!" ಮುಂದೆ ನೀರಿನ ಬಕೆಟ್ಟು ಇಟ್ಟ ಸದ್ದು. ತಡೆದು ಇನ್ನೊಮ್ಮೆ, ನಿಧಾನವಾಗಿ, ದಡ್ಡ ಎಮ್ಮೆಗೆ ಹೇಳುವಂತೆ: "ಪಾಣಿ."

ನಾನು ಹೊರಗೆ ನಿಂತು "ಪಾಣಿ" ಎಂದೆ.

ಅಕ್ಟೋಬರ್ 5

ಆವ್, ಬಾ. ಬ್ಯಾಸ್, ಕೂರು. ಖಾ, ತಿನ್ನು. ದೂದ್, ಹಾಲು. ಕೋನಿ, ಇಲ್ಲ.

ಭೂರಿಗೆ ಎಲ್ಲವೂ ಮೊದಲೇ ಗೊತ್ತು. ನಾನು ಹಿಂದಿದ್ದೇನೆ.

ಅಕ್ಟೋಬರ್ 9

ಹುಚ್ಚರಾಯಪ್ಪನಿಗೆ ವಿಷಯ ತಿಳಿದು ಬಸ್ಸಿನ ತುಂಬ ಸಾರಿದ್ದಾನೆ. "ಎಮ್ಮೆ ಸಾಲ್ಯಾಗ ಓದಾಕ್ ಹತ್ಯಾನ್ರೀ ನಮ್ ಕಂಡಕ್ಟರು!" ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ಮುದುಕಿಗೆ ಟಿಕೆಟ್ ಕೊಡುವಾಗ "ಯಾಡಿ, ಬ್ಯಾಸ್" ಎಂದೆ. ಯಾಡಿ ಎಂದರೆ ತಾಯಿ. ಅವಳು ನನ್ನನ್ನು ದಿಟ್ಟಿಸಿ ಬಡಬಡ ಮಾತು ಶುರು ಮಾಡಿದಳು. ಅಂಬ್ಲಿಗೊಳ ಬರುವತನಕ ಬಿಡಲಿಲ್ಲ. ಅವಳ ಮಗಳಿಗೆ ಹೆರಿಗೆಯಾಗಿದೆಯಂತೆ, ಗಂಡು. ಮಗಳಿಗೆ ಹಾಲು ಸಾಲದಂತೆ. ಮೆಂತ್ಯದ ಉಂಡೆ ಒಯ್ಯುತ್ತಿದ್ದಳು. ನನ್ನ ಕೈಗೂ ಒಂದು ಇಟ್ಟಳು.

ಅಕ್ಟೋಬರ್ 14

ಪಾಠ ಈಗ ಉದ್ದವಾಗಿದೆ. ಇವತ್ತು ಅತ್ತೆ, ಈಗ ನನಗೂ ಯಾಡಿ, ಭೂರಿಗೆ ತನ್ನ ತವರಿನ ಕಥೆ ಹೇಳಿದರು. ಮಳೆ ಕೈಕೊಟ್ಟ ವರ್ಷ ಅವರಪ್ಪ ಎತ್ತು ಮಾರಿ ಬಂದು ಊಟ ಮಾಡದೆ ಕೂತದ್ದು, ಅವರಜ್ಜಿ ಎತ್ತಿನ ಗಂಟೆಯನ್ನು ಮಾತ್ರ ಕೊಡದೆ ಇಟ್ಟುಕೊಂಡದ್ದು. ನಾನು ಕೊಟ್ಟಿಗೆಯ ಹೊರಗೆ ಸೌದೆಯ ಮೇಲೆ ಕೂತಿದ್ದೆ. ಒಂದು ಕಡೆ ಅವರು ನಿಲ್ಲಿಸಿದರು. ಎಮ್ಮೆ ಸುಮ್ಮನಿತ್ತು. ನಾನು 'ಹೂಂ' ಎಂದೆ. ಮುಂದುವರಿಸಿದರು.

ಮೈತ್ರಿ ನನ್ನ ಪಕ್ಕ ಬಂದು ಕೂತಿದ್ದಳು, ಯಾವಾಗ ಬಂದಳೋ. ಒಳಗೆ ಹೋಗಲಿಲ್ಲ. ಯಾಡಿಗೆ ಅವಳು ಕಂಡಳು, ಮಾತು ಅಲ್ಲಿಗೇ ನಿಂತಿತು. ಗಂಟೆ ಏನಾಯಿತು ಎಂದು ತಿಳಿಯಲಿಲ್ಲ.

ಅಕ್ಟೋಬರ್ 21, ಮಂಗಳವಾರ, ಅಮಾವಾಸ್ಯೆ

ಹಬ್ಬದ ದಿನ ಬಸ್ಸಿಗೆ ರಜೆ ಇರುವುದಿಲ್ಲ. ಹಾಗಾಗಿ ಐದು ವರ್ಷದಲ್ಲಿ ಒಂದು ದೀಪಾವಳಿಯನ್ನೂ ನಾನು ತಾಂಡಾದಲ್ಲಿ ನೋಡಿರಲಿಲ್ಲ. ಈ ಸಲ ಬೇರೆಯವನನ್ನು ಒಪ್ಪಿಸಿ ಉಳಿದುಕೊಂಡೆ.

ಇಲ್ಲಿ ಅಮಾವಾಸ್ಯೆಯ ಸಂಜೆ ಮದುವೆಯಾಗದ ಹೆಣ್ಣುಮಕ್ಕಳೆಲ್ಲ ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಹಿರಿಯರ ಮುಂದೆ ನಿಂತು, ದೀಪ ತೋರಿಸಿ, ಅವರವರನ್ನು ಏನೆಂದು ಕರೆಯಬೇಕೋ ಹಾಗೆ ಕರೆದು, ನಿನಗೆ ಮೇರಾ ಎಂದು ಹರಸುತ್ತಾರೆ. ಮೇರಾ ಎಂದರೆ ಈ ದೀಪದ ಹಾರೈಕೆ. ಮಕ್ಕಳು ಹಿರಿಯರನ್ನು ಹರಸುವ ಹಬ್ಬ. ಇಲ್ಲಿ ಹುಟ್ಟಿದವಳು ಇಲ್ಲಿಯ ಮಗಳೇ ಎಂದು ಧರ್ಮಾ ನಾಯ್ಕರು ಮೈತ್ರಿಗೂ ಒಂದು ದೀಪ ಕೊಡಿಸಿದರು. ಹದಿನಾಲ್ಕು ಹುಡುಗಿಯರಲ್ಲಿ ಇವಳೇ ಚಿಕ್ಕವಳು.

ಹುಡುಗಿಯರು ಮೊದಲು ನಮ್ಮ ಮನೆಗೇ ಬಂದರು. ಯಾಡಿ ಜಗಲಿಯ ಮೇಲೆ ಹೊಸ ಬಟ್ಟೆಯುಟ್ಟು ಕೂತಿದ್ದರು. ದೊಡ್ಡ ಹುಡುಗಿಯರು ಒಬ್ಬೊಬ್ಬರಾಗಿ ಹೇಳಿ ಸರಿದರು. ಮೈತ್ರಿಯ ಸರದಿ ಬಂತು. ದೀಪ ಹಿಡಿದು ನಾನಿಯ ಮುಂದೆ ನಿಂತಳು. ಏನು ಹೇಳಬೇಕೆಂದು ಅವಳಿಗೆ ಗೊತ್ತಿಲ್ಲ. ಯಾರು ಹೇಳಿಕೊಟ್ಟಿದ್ದಾರೆ? ನಾನಿಯ ಮುಖ ನೋಡಿದಳು. ನಾನಿಯ ತುಟಿ ಅಲುಗಿತು, ಮುಚ್ಚಿಕೊಂಡಿತು. ಅಂಗಳದ ತುಂಬ ಜನ. ಒಂದು ಮಾತು, ಅಷ್ಟೇ ಹೇಳಿಕೊಟ್ಟರೆ ಸಾಕು. ಅವರು ಹೇಳಲಿಲ್ಲ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಮೈತ್ರಿ ಹಿಂದೆ ತಿರುಗಿ ದೀಪವನ್ನು ನನ್ನ ಕೈಗೆ ಕೊಟ್ಟು ನನ್ನ ಕಾಲಿಗೆ ಅವುಚಿಕೊಂಡಳು.

ಮಗಳ ಬದಲು ಅಪ್ಪ ಹೇಳಿದರಾಯಿತು ಎಂದುಕೊಂಡೆ. ಟಿಕೆಟ್ ಮರೆತವರ ಬದಲು ಪಕ್ಕದವರು ಹೇಳುವುದಿಲ್ಲವೇ? ದೀಪ ಹಿಡಿದು ಎರಡು ಹೆಜ್ಜೆ ಮುಂದೆ ಹೋಗಿ, ಊರೆಲ್ಲ ಕೇಳುವ ಹಾಗೆ ನನ್ನ ಬಸ್ಸಿನ ಗಂಟಲಿನಲ್ಲಿ ಹೇಳಿದೆ:

"ಯಾಡೀ, ತೋನ ಮೇರಾ!"

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಧರ್ಮಾ ನಾಯ್ಕರು ಕೆಮ್ಮಿ ಕೆಮ್ಮಿ ನಗತೊಡಗಿದರು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಯಾಡಿ ಮಾತ್ರ ನಗಲಿಲ್ಲ. ಎದ್ದು ನಿಂತರು. ಮುಸುಕು ಹೆಗಲಿಗೆ ಜಾರಿತು, ಅದನ್ನು ಎಳೆದುಕೊಳ್ಳಲಿಲ್ಲ. ನನ್ನ ಕಣ್ಣನ್ನೇ ನೋಡಿ, ಭೂರಿಗೆ ಹೇಳುವ ಮಾತಿನಲ್ಲೇ ಶುರು ಮಾಡಿದರು:

"ಬುದ್ಧಿ ಇದೆಯೇನು ನಿನಗೆ? ಮೀಸೆ ಬಂದ ಗಂಡಸು ಮೇರಾ ಹಿಡಿಯುತ್ತಾನಾ? ಅದೂ ಅಳಿಯ, ಅತ್ತೆಗೆ? ನನ್ನ ಗಂಡ ಇದ್ದಿದ್ದರೆ ಈ ಹೊತ್ತು ನೀನು ಕೆರೆಯ ಆ ದಂಡೆಯಲ್ಲಿ ಇರುತ್ತಿದ್ದೆ. ಇದು ಹೆಣ್ಣುಮಕ್ಕಳ ದೀಪ. ಇಷ್ಟು ದಿನ ಆ ಎಮ್ಮೆಗೆ ಹೇಳಿದ್ದು ಎಮ್ಮೆಗಾದರೂ ಹತ್ತಿತು, ನಿನಗೆ ಹತ್ತಲಿಲ್ಲ. ಕೊಡು ಇಲ್ಲಿ! ಇವತ್ತು ಗಂಡಸರಿಗೆ ದೀಪಕ್ಕೆ ಎಣ್ಣೆ ಹೊಯ್ಯುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಹೋಗು, ಬಾಟಲಿ ತಾ."

"ಆಯಿತು ಯಾಡಿ" ಎಂದು ದೀಪ ಕೊಟ್ಟೆ. ಸುಷ್ಮಿತಾ ಬಾಗಿಲಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು, ಯಾಕೋ.

ಯಾಡಿ ಮೈತ್ರಿಯ ಕೈಯಲ್ಲಿ ದೀಪ ಇಟ್ಟು, ಆ ಕೈಯ ಸುತ್ತ ತಮ್ಮ ಕೈ ಇಟ್ಟು, ಕುಕ್ಕರಗಾಲಲ್ಲಿ ಕೂತು ಅವಳ ಕಿವಿಯಲ್ಲಿ ಹೇಳಿದರು. ಮೈತ್ರಿ ಹೇಳಿದಳು. ಬಹಳ ಸಣ್ಣಗೆ. ಯಾಡಿ "ಹೂಂ" ಎಂದರು.

ಆಮೇಲೆ ಉಳಿದ ಹುಡುಗಿಯರಿಗೆ ಕಾಯದೆ ಅವಳನ್ನು ಹೊರಡಿಸಿಕೊಂಡರು. ನಾನು ಬಾಟಲಿ ತಂದು ಹಿಂದೆ ನಡೆದೆ. ಪ್ರತಿ ಬಾಗಿಲಿಗೂ ಮೊದಲು ನಿಂತು ಹೇಳಿಕೊಡುವುದು: ಒಳಗಿರುವವನು ನಿನಗೆ ಮಾಮಾ, ಅವನ ಹೆಂಡತಿ ಮಾಮಿ, ಮೂಲೆಯಲ್ಲಿ ಹಾಸಿಗೆ ಹಿಡಿದವಳು ನನಗಿಂತ ದೊಡ್ಡವಳು, ಅವಳೂ ನಿನಗೆ ನಾನಿ. ಮೈತ್ರಿ ಒಳಗೆ ಹೋಗಿ ಹೇಳಿ ಬರುವಳು. ಹಾಸಿಗೆ ಹಿಡಿದವಳು ಅವಳ ಕೈ ಬಿಡಲೇ ಇಲ್ಲ, ಬಿಡಿಸಿಕೊಂಡು ಬರಬೇಕಾಯಿತು.

ಕೆಳಗಿನ ಸಾಲಿನಲ್ಲಿ ಮೊದಲ ಮನೆಗೆ ಬೀಗ. ಕಟ್ಟಡದ ಕೆಲಸಕ್ಕೆ ಗೋವಾ ಕಡೆ ಹೋದವರು ಈ ಸಲ ಹಬ್ಬಕ್ಕೂ ಬಂದಿಲ್ಲ. ಯಾಡಿ ಅಲ್ಲಿಯೂ ನಿಂತರು. ಇದು ನಿನ್ನ ದೊಡ್ಡ ಮಾಮಾನ ಮನೆ, ಹೇಳು ಎಂದರು.

"ನಾನಿ, ಒಳಗೆ ಯಾರೂ ಇಲ್ಲ" ಎಂದಳು ಮೈತ್ರಿ, ಕನ್ನಡದಲ್ಲಿ.

"ಇಲ್ಲ. ನೀನು ಹೇಳು. ಅವರು ಬಂದ ದಿನ, ಮೈತ್ರಿ ಬಂದು ಹೇಳಿ ಹೋದಳು ಅಂತ ನಾನು ಹೇಳುತ್ತೇನೆ."

ಮೈತ್ರಿ ಬೀಗಕ್ಕೆ ದೀಪ ತೋರಿಸಿ ಹೇಳಿದಳು. ಯಾಡಿ ಮುಂದಿನ ಮನೆಗೆ ನಡೆದರು. ಅದಕ್ಕೂ ಬೀಗ. ಆ ಸಾಲಿನಲ್ಲಿ ಒಂಬತ್ತು ಮನೆ ಮುಚ್ಚಿದ್ದವು, ಒಂದನ್ನೂ ಬಿಡಲಿಲ್ಲ. ಗಾಳಿ ಬೀಸುತ್ತಿತ್ತು, ಎಣ್ಣೆ ಬೇಗ ಬೇಗ ಮುಗಿಯುತ್ತಿತ್ತು. ಮೈತ್ರಿ ನಿಂತಲ್ಲೆಲ್ಲ ನಾನೂ ನಿಂತು, ಬಗ್ಗಿ, ಅವಳ ದೀಪಕ್ಕೆ ಹೊಯ್ದೆ.